ತುಂಡು ಮಾಡಬಾರದ ತೊಲೆ

"ಏ ಬೇವರ್ಸಿ, ತೆಗಿ ಅದನ್ನು. ಅದು ದೇವರ ಕೋಣೆ ಬಾಗಿಲಿಗೆ ಹೋಗುವ ಮರ. ಅದರ ಮೇಲೆ ರೊಟ್ಟಿ ಇಡ್ತೀಯಲ್ಲ, ನಿಂಗೆ ಕಣ್ಣುಂಟಾ ಇಲ್ವಾ?"

ಭೀಮಮ್ಮ ರೊಟ್ಟಿಯ ಗಂಟನ್ನು ಹಲಗೆಯ ಮೇಲಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು. ಬಾಯಲ್ಲಿದ್ದ ತುತ್ತನ್ನು ಏನು ಮಾಡಬೇಕೋ ತಿಳಿಯದೆ ಹಾಗೆಯೇ ಇಟ್ಟುಕೊಂಡಳು. ಬೆಳಿಗ್ಗೆಯಿಂದ ಅದೇ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಅದರ ಮೊಳೆಗಳನ್ನೆಲ್ಲ ಕಿತ್ತವಳು ಅವಳೇ. ಕಾಲು ತಾಗಿ ಕೆಡದ ಮರ ರೊಟ್ಟಿ ತಾಗಿದರೆ ಕೆಡುತ್ತದೆ. ಇಂಥದ್ದನ್ನೆಲ್ಲ ಯೋಚಿಸುವುದನ್ನು ಅವಳು ಬಿಟ್ಟು ಬಹಳ ದಿನವಾಗಿತ್ತು.

"ಜಯಶೀಲ, ನೀರು ಹಾಕಿ ಒರೆಸು ಮಾರಾಯ," ಎಂದು ಮಧ್ವರಾಜ ಶೇಟ್ರು ಒಳಗೆ ಹೋದರು.

ಕಲ್ಯಾಣ–ಶೀಲ್ ರಸ್ತೆಯ ಬದಿಯ ಆ ತಗಡಿನ ಶೆಡ್ಡಿಗೆ ಬರುವುದು ಸತ್ತ ಮನೆಗಳ ಮರ. ಠಾಣೆ, ಕಲ್ಯಾಣ, ಡೊಂಬಿವಲಿ ಕಡೆಯ ಹಳೆಯ ವಾಡೆಯೋ ಚಾಳೋ ಬಿಲ್ಡರನ ಕೈಗೆ ಬಿದ್ದಿತೆಂದರೆ ಕಬ್ಬಿಣ ಗುಜರಿಗೆ ಹೋಗುತ್ತದೆ, ಇಟ್ಟಿಗೆ ಚೂರು ಹೊಂಡ ತುಂಬಲು ಹೋಗುತ್ತದೆ, ಸಾಗುವಾನಿ ಮಾತ್ರ ಜೋಪಾನವಾಗಿ ಲಾರಿ ಹತ್ತಿ ಶೇಟ್ರ ಬಳಿ ಬರುತ್ತದೆ. ಒಡೆಯುವ ಗುತ್ತಿಗೆಯೂ ಅವರದೇ, ಮಾರುವ ಅಂಗಡಿಯೂ ಅವರದೇ. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಮೇಜು ಒರೆಸಿದ ಮನುಷ್ಯ ಇಂದು ಮೇಜು ಮಾರುತ್ತಾರೆಂದು ಊರವರ ಸಂಘದ ವಾರ್ಷಿಕೋತ್ಸವದಲ್ಲಿ ಹೊಗಳುವುದುಂಟು. ಭೀಮಮ್ಮನ ಕೆಲಸಕ್ಕೆ ಹೊಗಳಿಕೆ ಗಿಗಳಿಕೆ ಇಲ್ಲ. ಮೊಳೆ ಕೀಳುವುದು, ಕಿತ್ತದ್ದನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವುದು. ಸಾಗುವಾನಿಯ ಎಣ್ಣೆಯೊಳಗೆ ಕೂತ ಮೊಳೆಗೆ ತುಕ್ಕು ಹಿಡಿಯುವುದಿಲ್ಲ. ಅಜ್ಜನ ಕಾಲದಲ್ಲಿ ಹೊಡೆದದ್ದು ನಿನ್ನೆ ಹೊಡೆದದ್ದರಂತೆ ಹೊರಬರುತ್ತದೆ. ಆ ಮರದ ಹುಡಿ ಬೆವರಿಗೆ ಅಂಟಿ ಅವಳ ಕುತ್ತಿಗೆಯೆಲ್ಲ ತುರಿಕೆ. ಇಕ್ಕಳ, ಸುತ್ತಿಗೆ ಹಿಡಿದು ಹಿಡಿದು ಬಲಗೈ ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಚಹಾದ ಲೋಟ ಸುಡುತ್ತದೆಯೋ ಇಲ್ಲವೋ ಎಂದು ಎಡಗೈಯಿಂದ ಮುಟ್ಟಿ ನೋಡುತ್ತಿದ್ದಳು.

ಗಂಡ ಸಾಬಣ್ಣ ಶೇಟ್ರದೇ ಒಡೆಯುವ ಗ್ಯಾಂಗಿನಲ್ಲಿದ್ದ. ಮಳೆಗಾಲಕ್ಕೆ ಮುಂಚೆ ಒಂದು ಬುಧವಾರ ಕೆಲಸಕ್ಕೆಂದು ಹೋದವನು ಮರುದಿನ ಠಾಕುರ್ಲಿ ಹತ್ತಿರ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಿದ. ಕುಡಿದು ಹಳಿ ದಾಟುವಾಗ ಗಾಡಿ ಬಡಿದಿದೆ ಎಂದು ಗ್ಯಾಂಗಿನ ಮೇಸ್ತ್ರಿ, ಮುಕಾದಮ, ಹೇಳಿದ. ಅಂದು ಅವನು ಕೆಲಸಕ್ಕೇ ಬಂದಿರಲಿಲ್ಲ ಎಂದೂ ಹೇಳಿದ. ದಿನಾ ಯಾರಾದರೊಬ್ಬರು ಗಾಡಿಗೆ ಸಿಕ್ಕಿ ಸಾಯುವ ಕಡೆ ಇನ್ನೊಬ್ಬನ ಸುದ್ದಿ ಯಾರಿಗೆ ಬೇಕು. ಸಾಬಣ್ಣ ಕುಡಿಯುತ್ತಿದ್ದದ್ದು ನಿಜ, ಆದರೆ ಭಾನುವಾರ. ಬುಧವಾರ ಕುಡಿಯುವಷ್ಟು ಸಾಹುಕಾರ ಅವನಾಗಿರಲಿಲ್ಲ. ಇದನ್ನು ಭೀಮಮ್ಮ ಓಣಿಯವರಿಗೆಲ್ಲ ಹೇಳಿದಳು. ಅವರು ಹೌದು ಹೌದು ಎಂದು ತಲೆಯಾಡಿಸಿದರು. ನಲ್ಲಿಯ ಹತ್ತಿರ ಹುಡುಗರು ಮಗಳು ತೃಷಾಳನ್ನು 'ಬೇವಡ್ಯಾಚಿ ಪೋರಗಿ', ಕುಡುಕನ ಮಗಳು, ಎಂದು ಕರೆಯತೊಡಗಿದರು. ಹುಡುಗಿ ಅಪ್ಪನ ಫೋಟೊ ಗೋಡೆಗೆ ಹಾಕಲು ಬಿಡಲಿಲ್ಲ. ಗಂಡ ಸತ್ತದ್ದಕ್ಕಿಂತ ಭೀಮಮ್ಮನನ್ನು ಹೆಚ್ಚು ನೋಯಿಸಿದ್ದು ಇದು. ದುಡಿಯುತ್ತ ಸತ್ತ ಎಂದು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಅವಳಿಗೆ ಸಾಕಾಗಿತ್ತು.

ರೊಟ್ಟಿಗೆ ಬೈಸಿಕೊಂಡ ದಿನವೇ ಮಧ್ಯಾಹ್ನ ಶೇಟ್ರ ಬದಲಾಪುರದ ಗೋದಾಮಿನಿಂದ ಲಾರಿ ಬಂತು. ಅದರಲ್ಲಿದ್ದದ್ದು ಒಂದೇ ಒಂದು ತೊಲೆ, ಲಾರಿಯ ಹಿಂದಕ್ಕೆ ಒಂದಾಳುದ್ದ ಚಾಚಿಕೊಂಡಿತ್ತು. ಇಳಿಸಲು ಶೆಡ್ಡಿನ ಗಂಡಸರೆಲ್ಲ ಬೇಕಾದರು. ಮರ ಹೆರೆಯುವ ಮಷೀನಿನ ಜಯಶೀಲ, ಕುಂದಾಪುರದ ಕಡೆಯವನು, ಇಳಿಸಿದ ಮೇಲೂ ಬೆವರು ಒರೆಸಿಕೊಳ್ಳದೆ ನಿಂತಿದ್ದ.

"ಅಕ್ಕ, ಇದರ ಮೊಳೆ ಸಂಜೆ ಒಳಗೆ ತೆಗೀಬೇಕಂತೆ. ನಾಳೆ ಮಷೀನಿಗೆ," ಎಂದ. ಅವಳ ಮುಖ ನೋಡಲಿಲ್ಲ.

ತೊಲೆಯ ಒಂದು ತುದಿಗೆ ಕಬ್ಬಿಣದ ಪಟ್ಟಿ ಜಡಿದಿದ್ದರು. ಭೀಮಮ್ಮ ಅದರ ಮೊಳೆ ಕಿತ್ತು, ಹಾರೆ ಕೊಟ್ಟು ಎಬ್ಬಿಸಿದಳು. ಪಟ್ಟಿಯ ಅಂಚಿನ ಅಡಿಗೆ ಜಾರಿ, ಬಾಗಿದ ಒಂದು ಮೊಳೆಗೆ ಸಿಕ್ಕಿಕೊಂಡು ಬಟ್ಟೆಯ ತುಂಡಿತ್ತು. ಹಸಿರು ಬಟ್ಟೆ, ಹಳದಿ ಅಂಚು. ಒಂದು ಕಡೆ ಕಪ್ಪಗೆ ಗಟ್ಟಿಯಾಗಿತ್ತು.

ಅದು ಅವಳ ಸೀರೆ. ಹಗ್ಗ ಮರವನ್ನು ಕಚ್ಚಿ ಗುರುತು ಬಿದ್ದರೆ ದರ ಇಳಿಯುತ್ತದೆಂದು ಹಗ್ಗದ ಅಡಿಗೆ ಹಳೆ ಸೀರೆ ಸುತ್ತಬೇಕು, ಅದು ಶೇಟ್ರ ಕಟ್ಟಪ್ಪಣೆ. ಸೀರೆಯನ್ನು ಆಳುಗಳೇ ಮನೆಯಿಂದ ತರಬೇಕು, ಅದೂ ಶೇಟ್ರದೇ ಅಪ್ಪಣೆ. ಆ ಬುಧವಾರ ಬೆಳಿಗ್ಗೆ ಸಾಬಣ್ಣ ಬಾಗಿಲಲ್ಲಿ ನಿಂತು, "ಒಂದು ಹಳೇ ಸೀರಿ ಹರದ ಕೊಡು, ದೊಡ್ಡ ತೊಲಿ ಇಳಸೋದೈತಿ ಇವತ್ತ," ಎಂದಿದ್ದ. ಅವಳು ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದುಕೊಟ್ಟಿದ್ದಳು. ಉಳಿದರ್ಧ ಈಗಲೂ ಮನೆಯಲ್ಲಿ ನೆಲ ಒರೆಸುತ್ತಿತ್ತು.

ಅವಳು ಅಳಲಿಲ್ಲ. ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಮೊಳೆ ಕಿತ್ತಳು, ಅದರ ಪಕ್ಕದ್ದನ್ನೂ ಕಿತ್ತಳು. ಕೈಗೆ ಬೇರೇನು ಮಾಡಬೇಕೆಂದು ಗೊತ್ತಾಗಲಿಲ್ಲ. ಆಮೇಲೆ ಎದ್ದು ಮಷೀನಿನ ಹತ್ತಿರ ಹೋದಳು.

"ತಮ್ಮಾ, ಆ ತೊಲಿ ಎಲ್ಲೀದು?"

"ಕಲ್ಯಾಣದ ಯಾವುದೋ ವಾಡೆದ್ದು. ನಂಗೆಂತ ಗೊತ್ತು."

"ನಿಮ್ಮವ್ವನ ಮ್ಯಾಲ ಆಣಿ ಇಟ್ಟು ಹೇಳು, ಭಾಡ್ಯಾ. ಇದು ನನ್ನ ಸೀರಿ. ಅವತ್ತ ಮುಂಜಾನಿ ನಾನೇ ಹರದ ಕೊಟ್ಟೀನಿ."

ಜಯಶೀಲ ಮಷೀನು ನಿಲ್ಲಿಸಿದ. ಶೇಟ್ರ ಕೋಣೆಯ ಕಡೆ ಒಮ್ಮೆ ನೋಡಿದ. "ಅವತ್ತು ಮರ ತರ್ಲಿಕ್ಕೆ ಹೋದ ಲಾರಿಯಲ್ಲಿ ನಾನಿದ್ದೆ ಅಕ್ಕ. ಕೊಯ್ದು ಇಳಿಸುವ ಅಂತ ಸಾಬಣ್ಣನೇ ಹೇಳಿದ್ದು. ಮಧ್ಯದಲ್ಲಿ ಗರಗಸ ಹಾಕಿದ್ರೆ ಎರಡು ತುಂಡಾಗಿ ಸಲೀಸಾಗಿ ಇಳೀತಿತ್ತು. ಶೇಟ್ರು ಫೋನಲ್ಲಿ ಬೇಡ ಅಂದ್ರು. ಉದ್ದ ಹೋದ್ರೆ ಬರ್ಮಾ ಮರಕ್ಕೆ ಎಂತ ಬೆಲೆ, ಅಡಿಯಲ್ಲಿ ಹೆಗಲು ಕೊಟ್ಟು ಇಳಿಸಿ ಅಂದ್ರು. ಹಗ್ಗ ಜಾರಿತು."

"ಆಮ್ಯಾಲ?"

"ಆಮೇಲೆ ಎಂತ. ಸೈಟಲ್ಲಿ ಸತ್ತ ಅಂತಾದ್ರೆ ಕೆಲಸ ನಿಲ್ತದೆ. ಕತ್ತಲಾಗುವವರೆಗೆ ಅಲ್ಲೇ ಇಟ್ರು. ಹಳಿಯ ಹತ್ತಿರ ಕೊಂಡುಹೋದದ್ದು ಮುಕಾದಮ. ಇನ್ನು ನಂಗೆ ಹೇಳಿಸ್ಬೇಡಿ ಅಕ್ಕ, ನಂಗೂ ಹೆಂಡ್ತಿ ಮಕ್ಕಳುಂಟು." ಮಷೀನಿನ ಮೇಲಿನ ಹುಡಿ ಒರೆಸುತ್ತ ಅವನೇ ಹೇಳಿದ, "ಆ ತೊಲೆ ಸುಟ್ಟುಬಿಡುವ ಅಂತ ನಾನು ಹೇಳಿದ್ದೆ. ಬರ್ಮಾ ಸಾಗುವಾನಿ ಸುಡ್ಲಿಕ್ಕೆ ತಲೆ ಕೆಟ್ಟಿದ್ಯಾ ಅಂತ ಶೇಟ್ರು ನಕ್ರು. ಸುದ್ದಿ ಆರುವವರೆಗೆ ಗೋದಾಮಿನಲ್ಲಿ ಇಡಿಸಿದ್ರು."

ಹೊರಗೆ ಕಾರು ನಿಂತ ಸದ್ದಾಯಿತು. ವಾಶಿಯಲ್ಲಿ ಎರಡು ಹೋಟೆಲು ನಡೆಸುವ ಗುಣಪಾಲ ಮತ್ತು ಅವರ ಹೆಂಡತಿ ಜಯಲತಾ, ಹೊಸ ಫ್ಲ್ಯಾಟಿಗೆ ಮರ ನೋಡಲು ಬಂದವರು. ಶೇಟ್ರು ತೊಲೆಯ ಬೆನ್ನು ತಟ್ಟುತ್ತ ಶುರುಮಾಡಿದರು.

"ನೋಡಿ ಗುಣಪಾಲಣ್ಣ, ಇದಕ್ಕೆ ಗೆದ್ದಲು ಹತ್ತುದಿಲ್ಲ. ನೀರಿಗೆ ಉಬ್ಬುದಿಲ್ಲ, ಬಿಸಿಲಿಗೆ ಸೊಟ್ಟ ಆಗುದಿಲ್ಲ. ಹಡಗಿಗೆ ಹಾಕ್ತಿದ್ದ ಮರ ಇದು. ಹೊರಗೆ ಬೂದಿ ಬಣ್ಣ, ಒಂದು ಪದರ ಹೆರೆದರೆ ಒಳಗೆ ಬಂಗಾರ. ಇಷ್ಟುದ್ದ, ನಡುವೆ ಜೋಡಣೆ ಇಲ್ಲದ್ದು, ಇಡೀ ಠಾಣೆ ಜಿಲ್ಲೆಯಲ್ಲಿ ಇನ್ನೊಂದು ತೋರಿಸಿ ನಂಗೆ. ದೇವರ ಕೋಣೆಗೆ ಬಾಗಿಲು ಮಾಡಿ, ಇಲ್ಲ ಇಡೀ ಮನೆಯವರು ಒಟ್ಟಿಗೆ ಕೂತು ಉಣ್ಣುವಂಥ ಮೇಜು ಮಾಡಿ."

ಜಯಲತಾ ಬಗ್ಗಿ ಮೂಸಿದರು. "ಎಂತದೋ ಒಂದು ಪರಿಮಳ ಉಂಟಲ್ಲ, ಚಂದ ಉಂಟು," ಎಂದು ತೊಲೆಯ ಮೇಲೆ ಕೈಯಿಟ್ಟರು.

ಭೀಮಮ್ಮ ಬಂದು ಅವರೆದುರು ನಿಂತಳು. ಸೊಂಟದಿಂದ ಬಟ್ಟೆ ತೆಗೆದು ಹಿಡಿದಳು.

"ಶೇಟ್ರ, ನನ್ನ ಗಂಡ ಇದರ ಬುಡಕ ಸತ್ತಾನ."

ಶೇಟ್ರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಗಂಡ ಕುಡಿದು ಗಾಡಿಗೆ ಬಿದ್ದ. ಅಂದಿನಿಂದ ಇವಳಿಗೆ ಸ್ವಲ್ಪ ಹೀಗೆ. ಪಾಪ ಅಂತ ಇಟ್ಟುಕೊಂಡದ್ದು," ಎಂದು ಗಿರಾಕಿಗಳಿಗೆ ಹೇಳಿದರು.

"ಗಾಡಿಗೆ ಬಿದ್ದಿಲ್ರಿ. ಈ ಅರಿವಿ ಇದರ ಮೊಳಿಗೆ ಸಿಕ್ಕೊಂಡಿತ್ತು. ಅವ ದುಡಕೋತ ಸತ್ತಾನ. ಅದೊಂದ ಮಾತ ಮಂದಿ ಮುಂದ ಹೇಳ್ರಿ, ನನಗ ಮತ್ತೇನೂ ಬ್ಯಾಡ."

"ಆ ಕೊಳಕು ಬಟ್ಟೆ ತಗೊಂಡು ಆಚೆ ಹೋಗು. ನಿಮ್ಮ ಜಾತಿಯನ್ನು ಒಳಗೆ ಬಿಟ್ಟದ್ದೇ ನನ್ನ ತಪ್ಪು, ಬೋಳಿಮಗಳೇ."

ಗುಣಪಾಲರು ಮೊಬೈಲು ತೆಗೆದು ನೋಡತೊಡಗಿದರು. ಜಯಲತಾ ತೊಲೆಯಿಂದ ಕೈ ತೆಗೆದರು. ಭೀಮಮ್ಮನ ಮುಖವನ್ನು, ಅವಳ ಕೈಯಲ್ಲಿದ್ದ ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ಕೇಳಿದ್ದು ಮಾತ್ರ ಶೇಟ್ರನ್ನು.

"ಮಧ್ವಣ್ಣ, ರಕ್ತ ಎಲ್ಲ ಮರದ ಒಳಗೆ ಹೋಗಿರ್ತದಾ?"

"ಎಣ್ಣೆ ಮರ ಅಕ್ಕ ಇದು, ಏನನ್ನೂ ಎಳಕೊಳ್ಳುದಿಲ್ಲ. ಹಾಗೆಲ್ಲ ಆಗ್ಲೇ ಇಲ್ಲ. ಆಗಿದ್ರೂ ಹೆರೆದ ಮೇಲೆ ಹೊಸ ಮರವೇ."

ಜಯಲತಾ ಯೋಚಿಸಿದರು. "ಹಾಗಾದ್ರೆ ದೇವರ ಕೋಣೆಗೆ ಬೇಡ. ಊಟದ ಮೇಜಿಗೆ ತೊಂದರೆ ಇಲ್ಲ, ಅಲ್ವಾ?"

"ಮೇಜಿಗೆ ಎಂತ ತೊಂದರೆ," ಎಂದರು ಗುಣಪಾಲರು.

ಮೂವರೂ ಚಹಾ ಕುಡಿಯಲು ಕೋಣೆಗೆ ಹೋದರು. ಭೀಮಮ್ಮ ನಿಂತೇ ಇದ್ದಳು. ಆ ಹೆಂಗಸು ತನ್ನ ಮಾತನ್ನು ನಂಬಿದ್ದಾಳೆ, ಅದು ಖಂಡಿತ. ನಂಬಿದ್ದಕ್ಕೇ ದೇವರ ಕೋಣೆಗೆ ಬೇಡ ಎಂದಳು. ನಂಬಿಯೂ ಮೇಜಿಗೆ ಒಪ್ಪಿದಳು. ಭೀಮಮ್ಮನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ನಾಳೆ ಈ ತೊಲೆ ಮಷೀನಿಗೆ ಹೋಗುತ್ತದೆ, ಮೇಲಿನ ಪದರ ಹುಡಿಯಾಗಿ ಬೀಳುತ್ತದೆ, ಆ ಹುಡಿಯನ್ನು ಗುಡಿಸಿ ಗೋಣಿಗೆ ತುಂಬುವವಳೂ ತಾನೇ. ಅಲ್ಲಿಗೆ ಸಾಬಣ್ಣ ಎಂದೆಂದಿಗೂ ಕುಡಿದು ಸತ್ತವನಾಗುತ್ತಾನೆ.

ಅವಳು ಕೂತಳು. ಡಬ್ಬಿಯಲ್ಲಿದ್ದ ಮೊಳೆಗಳನ್ನು ಸೆರಗಿಗೆ ಸುರಿದುಕೊಂಡಳು. ಉದ್ದದ್ದೊಂದನ್ನು ಆರಿಸಿ ತೊಲೆಯ ಮೇಲೆ ನಿಲ್ಲಿಸಿ ಹೊಡೆದಳು. ಹಳೆಯ ಮರ ಬಿಟ್ಟುಕೊಡಲಿಲ್ಲ, ಮೊಳೆ ಬಾಗಿತು. ಅದನ್ನೆಸೆದು ಇನ್ನೊಂದನ್ನು ಇಟ್ಟಳು. ಅದು ಹೊಕ್ಕಿತು. ಯಾರ ಕಣ್ಣಿಗೂ ತಪ್ಪದಂತೆ ಮೊಳೆಯ ತಲೆಯನ್ನು ಮೇಲಕ್ಕೇ ಬಿಟ್ಟಳು. ಅದರ ಪಕ್ಕಕ್ಕೆ ಇನ್ನೊಂದು, ಅದರ ಪಕ್ಕಕ್ಕೆ ಮತ್ತೊಂದು.

ಜಯಶೀಲ ಓಡಿ ಬಂದ. "ಅಕ್ಕ, ಎಂತ ಮಾಡ್ತಿದ್ದೀರಿ. ತೊಲೆ ಹಾಳಾಗ್ತದೆ, ಮೊಳೆ ಇದ್ರೆ ಮಷೀನಿನ ಅಲಗೂ ಮುರೀತದೆ."

"ಹಾಕು ಈಗ ಮಷೀನಿಗೆ," ಎಂದಳು.

ಸದ್ದು ಕೇಳಿ ಶೇಟ್ರು ಹೊರಗೆ ಬಂದರು. ಅವರ ಹಿಂದೆ ಲೋಟ ಹಿಡಿದುಕೊಂಡೇ ಗುಣಪಾಲರು, ಜಯಲತಾ. ಸಾಲಾಗಿ ನಿಂತ ಮೊಳೆಗಳನ್ನು ಶೇಟ್ರು ಬೆರಳು ಮಾಡಿ ಎಣಿಸಿದರು. ಆಮೇಲೆ ಅವಳ ತಾಯಿ, ತಂದೆ, ಹುಟ್ಟು, ಊರು ಒಂದನ್ನೂ ಬಿಡದೆ ಬೈದರು. ಅವಳು ತಲೆ ಎತ್ತಲಿಲ್ಲ.

"ಜಯಶೀಲ, ಅವಳ ಕೈಯಿಂದ ಸುತ್ತಿಗೆ ಕಿತ್ತುಕೋ."

ಜಯಶೀಲ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ. ನಿಂತಲ್ಲಿಂದ ಕದಲಲಿಲ್ಲ.

ಶೇಟ್ರೇ ಮುಂದೆ ಬಂದರು. ಭೀಮಮ್ಮ ಸುತ್ತಿಗೆ ಎತ್ತಿದ್ದು ಅವರ ಮೇಲೆ ಅಲ್ಲ, ಆದರೂ ಅವರು ಮಾರು ದೂರದಲ್ಲೇ ನಿಂತುಬಿಟ್ಟರು.

"ಇದರ ಬುಡಕ ಯಾರು ಸತ್ತಾರ, ಹೇಳ್ರಿ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ, ನಲ್ಲಿಗೆ ನೀರು ಬಂತೇ ಎಂದು ಕೇಳಿದಂತಿತ್ತು.

ಶೇಟ್ರು ಗಿರಾಕಿಗಳ ಕಡೆ ತಿರುಗಿ ನೋಡಿದರು. ಹೇಳಲಿಲ್ಲ. ಅವಳು ಹೊಡೆದಳು.

ಕುಕ್ಕರಗಾಲಲ್ಲೇ ಒಂದು ಗೇಣು ಮುಂದಕ್ಕೆ ಸರಿದು ಇನ್ನೊಂದು ಮೊಳೆ ನಿಲ್ಲಿಸಿದಳು.

"ಯಾರು ಸತ್ತಾರ್ರಿ?"

ಶೆಡ್ಡಿನ ಆಳುಗಳೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಅವಳು ಸುತ್ತಿಗೆಯನ್ನು ಗಾಳಿಯಲ್ಲಿ ಹಿಡಿದು, ಶೇಟ್ರು ಹೇಳಲಿ ಎಂದು ಒಂದು ಗಳಿಗೆ ಕಾದಳು. ಹೇಳಲಿಲ್ಲ. ಹೊಡೆದಳು. ಮತ್ತೊಂದು ಗೇಣು ಸರಿದಳು.