ಹಳದಿ ಸ್ವೆಟರು

ಬಣ್ಣದಿಂದಲೇ ಹೊಟ್ಟೆ ಹೊರೆದುಕೊಂಡ ಬೂದಿ ಮಾಮ ಬೂದಿ ಬಣ್ಣದ ಕೋಟನ್ನಲ್ಲದೆ ಬೇರೊಂದನ್ನು ತೊಟ್ಟಿದ್ದನ್ನು ನಾನಂತೂ ಕಾಣೆ. ಅವರ ಫೋಟೋ ಸ್ಟುಡಿಯೋದ ಗೋಡೆ ಬೂದಿ, ಕಿಟಕಿಯ ಪರದೆ ಬೂದಿ, ಕುರ್ಚಿಯ ದಿಂಬೂ ಬೂದಿ. ಬೀದಿಯವರು ಇಟ್ಟ ಹೆಸರಿನಲ್ಲಿ ತಪ್ಪೇನಿದೆ ಹೇಳಿ! ಸುತ್ತಲಿನ ಬಣ್ಣ ಕಂಪ್ಯೂಟರಿನ ಪರದೆಯ ಮೇಲೆ ಪ್ರತಿಫಲಿಸಿ ಕಣ್ಣನ್ನು ವಂಚಿಸುತ್ತದೆಂಬುದು ಅವರ ಅಚಲ ಸಿದ್ಧಾಂತ. ಕೆಂಪಂಗಿ ತೊಟ್ಟು ಬಂದವನು ಎಂಥ ದೊಡ್ಡ ಅಧಿಕಾರಿಯಾದರೂ ಸರಿಯೇ, "ಸ್ವಲ್ಪ ಹಿಂದೆ ಹೋಗಿ, ನಿಮ್ಮ ಬಟ್ಟೆ ಪರದೆ ಮೇಲೆ ಬೀಳ್ತಿದೆ" ಎಂದು ಬಾಗಿಲ ಬಳಿಯ ಬೆಂಚಿಗೆ ಸಾಗಹಾಕದೆ ಮೌಸು ಮುಟ್ಟುತ್ತಿರಲಿಲ್ಲ.

ಬಲಗಾಲನ್ನು ತುಸು ಎಳೆದು, ಬಿದ್ದುಹೋದದ್ದೇನನ್ನೋ ಹುಡುಕುವವರಂತೆ ನೆಲ ನೋಡುತ್ತ ನಡೆಯುವರು, "ಆಯ್ತಾ?" ಎಂದು ತಾವೇ ಕೇಳಿ, "ಆಯ್ತು" ಎಂದು ತಾವೇ ಉತ್ತರಿಸುವರು. ಮುಲಾಜಿಗೂ ಸುಳ್ಳಾಡಿದವರಲ್ಲ. "ನಾನು ಇಷ್ಟು ದಪ್ಪ ಇದ್ದೀನಾ?" ಎಂದು ತನ್ನ ಫೋಟೋ ನೋಡಿ ಕೇಳಿದ ಸ್ವಂತ ತಂಗಿಗೆ, "ಇದ್ದೀಯಲ್ಲಮ್ಮ" ಎಂದ ಪುಣ್ಯಾತ್ಮ! ಆದರೆ ಚಿತ್ರವನ್ನೆಲ್ಲ ಕಪ್ಪು-ಬಿಳುಪಾಗಿಸಿ ಒಂದೇ ಬಣ್ಣವನ್ನು ಜೀವಂತ ಉಳಿಸುವ ಕಲೆಯಲ್ಲಿ ಅವರಿಗೆ ಸಾಟಿಯಿರಲಿಲ್ಲ.

ಅಮ್ಮ ತೀರಿಕೊಂಡ ಮರುವರ್ಷ ಅಕ್ಕ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದಳು. ಮಾಮನ ಶಿಸ್ತು ಗೊತ್ತಿದ್ದವಳು, ಅಡಿಯಿಂದ ಮುಡಿಯವರೆಗೆ ಬೂದಿ ಬಣ್ಣದ್ದನ್ನೇ ಉಟ್ಟಿದ್ದಳು.

"ನಾನೇ ಹೆಣೆದ ಹಳದಿ ಸ್ವೆಟರು ಮಾಮ, ಅದೊಂದೇ ಎದ್ದು ಕಾಣ್ಬೇಕು. ಅಮ್ಮ ಆಸ್ಪತ್ರೆ ಸೇರೋಕೆ ಒಂದು ತಿಂಗಳ ಮುಂಚೆ ನಾನೇ ತೆಗೆದ ಫೋಟೋ. ನೋಡಿ, ಎಷ್ಟು ಚೆನ್ನಾಗಿದ್ಲು! ಆಗಿನ್ನೂ ಕಾಯಿಲೆ ಸುಳಿವೇ ಇರ್ಲಿಲ್ಲ."

ಅಮ್ಮನನ್ನು ಕೊಂಡೊಯ್ದದ್ದು ಕಾಮಾಲೆ. ಜೊತೆಗಿದ್ದವಳು ಅಕ್ಕನೊಬ್ಬಳೇ. ಕಾಯಿಲೆ ತನಗೆ ಮೊದಲೇ ಯಾಕೆ ಕಾಣಿಸಲಿಲ್ಲ ಎಂಬ ಕೊರಗು ಅವಳನ್ನು ವರ್ಷವಿಡೀ ತಿಂದಿತ್ತು. ಆ ನಗುಮುಖದ ಚಿತ್ರವೊಂದೇ ಅವಳಿಗಿದ್ದ ಸಮಾಧಾನ.

ಹಳದಿಯನ್ನು ಉಳಿಸೆಂದರೆ ಯಂತ್ರ ಉಳಿಸುತ್ತದೆ. ಯಾವ ಹಳದಿಯೆಂದು ಅದು ಕೇಳುವುದಿಲ್ಲ. ಮಾಮ ಒಂದು ಗುಂಡಿ ಒತ್ತಿದರು. ಅಂಗಳ, ಗೋಡೆ, ಒಣಹಾಕಿದ ಬಟ್ಟೆಗಳೆಲ್ಲ ಕ್ಷಣಾರ್ಧದಲ್ಲಿ ಬಣ್ಣ ಕಳೆದುಕೊಂಡವು. ಸ್ವೆಟರು ಉಳಿಯಿತು. ಅದರೊಂದಿಗೆ, ಅಮ್ಮನ ಎರಡು ಕಣ್ಣುಗಳ ಹಳದಿಯೂ ಉಳಿಯಿತು.

ಪಕ್ಕದಲ್ಲಿ ಚೀಲದೊಳಗೆ ಕನ್ನಡಕ ತಡಕುತ್ತಿದ್ದ ಅಕ್ಕ ತಲೆಯೆತ್ತುವುದರೊಳಗೆ ಮಾಮನ ದನಿ ಕೇಳಿತು: "ಸ್ವಲ್ಪ ಹಿಂದೆ ಹೋಗಮ್ಮ, ನಿನ್ನ ಬಟ್ಟೆ ಪರದೆ ಮೇಲೆ ಬೀಳ್ತಿದೆ."

ಅಕ್ಕ ತನ್ನ ಬೂದಿ ಬಟ್ಟೆಯನ್ನೊಮ್ಮೆ ನೋಡಿಕೊಂಡಳು. "ಮಾಮನಿಗೆ ವಯಸ್ಸಾಯ್ತು ಕಣೋ" ಎಂದು ನನ್ನ ಕಿವಿಯಲ್ಲಿ ನಕ್ಕು, ವಿಧೇಯಳಾಗಿ ಬೆಂಚಿಗೆ ಹೋಗಿ ಕುಳಿತಳು.

ಮಾಮ ನನ್ನತ್ತ ನೋಡಲಿಲ್ಲ. ಗುಂಡಿಯ ಗೊಡವೆ ಬಿಟ್ಟು, ಮೌಸು ಹಿಡಿದು, ಚುಕ್ಕೆ ಚುಕ್ಕೆಯಾಗಿ, ಒಂದು ಗಂಟೆ ಕಾಲ ಕೈಯಾರೆ ಆ ಕಣ್ಣುಗಳನ್ನು ಬೆಳ್ಳಗೆ ಮಾಡಿದರು. ಕಡೆಗೆ "ಆಯ್ತಾ?" ಎಂದು ಕೇಳಿದರು. ಎಂದಿನಂತೆ ಉತ್ತರ ತಾವೇ ಹೇಳಲಿಲ್ಲ. "ಆಯ್ತು ಮಾಮ" ಎಂದವನು ನಾನೇ.

ಆ ಚಿತ್ರ ಈಗಲೂ ಅಕ್ಕನ ಹಾಸಿಗೆಯ ಎದುರಿಗಿದೆ. ಅದನ್ನು ನೋಡುತ್ತ ಅವಳು ನಿದ್ದೆಗೆ ಜಾರುತ್ತಾಳೆ. ಕಂಡದ್ದನ್ನು ಕಂಡಂತೆ ಹೇಳುವವರನ್ನು ನಾವು ಕಲ್ಲೆದೆಯವರೆಂದು ಬೈದುಕೊಳ್ಳುತ್ತೇವೆ. ಆದರೆ ಅಂಥವರು ಜನ್ಮದಲ್ಲೊಮ್ಮೆ ಸುಳ್ಳಾಡಿದರೆ, ಅದು ಇನ್ನೊಬ್ಬರ ಕಣ್ಣಿಗೆ ಬೀಳಬಾರದ್ದನ್ನು ತಾವೇ ನೋಡಿ ಮುಚ್ಚಿಟ್ಟುಕೊಳ್ಳುವುದಕ್ಕಾಗಿ.