ಮರದಡಿಯ ಮಹನೀಯರು

ನನ್ನ ತಂಗಿಯ ಮಗಳಿಗೆ ವಸ್ತುಸಂಗ್ರಹಾಲಯದಲ್ಲಿ ಚಿತ್ರಗಳನ್ನು ವಿವರಿಸುವ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಅನ್ನುವುದಕ್ಕಿಂತ ಸಿಗುವ ಹಾಗಿತ್ತು. ಆ ದಿನ ಮೇಲ್ವಿಚಾರಕಿಯ ಎದುರು ಒಂದು ಚಿತ್ರದ ಬಗ್ಗೆ ಜನರಿಗೆ ಹೇಳಬೇಕು. ಅವರು ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಜನ ಕಡಿಮೆಯಾಗಬಾರದೆಂದು ನಾನೂ ನಮ್ಮವರೂ ಹೋಗಿ ಜನರಾಗಿ ನಿಂತೆವು.

ಚಿತ್ರ ಹದಿನೆಂಟನೆಯ ಶತಮಾನದ್ದು. ಮರದಡಿ ಕೂತ ಒಬ್ಬ ಶ್ರೀಮಂತ, ಗಲ್ಲಕ್ಕೆ ಕೈ, ಹಿಂದೆ ಜಲಪಾತ. ವಾರವಿಡೀ ನಮ್ಮ ಅಡುಗೆಮನೆಯಲ್ಲಿ ಅವಳು ಅವನನ್ನೇ ಉರುಹೊಡೆದಿದ್ದಳು. ನಮ್ಮವರಿಗೂ ಬಾಯಿಪಾಠವಾಗಿ, ಬಚ್ಚಲಿನಿಂದ "ಪ್ರಕೃತಿಯೊಡನೆ ಮೌನ ಸಂವಾದ" ಎಂದು ಕೇಳಿಬರುತ್ತಿತ್ತು.

ಇಂಥ ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಬಾಡುತ್ತವಂತೆ. ಅದಕ್ಕೇ ಮೇಲೊಂದು ದಪ್ಪ ಬಟ್ಟೆ ಇಳಿಬಿಟ್ಟಿರುತ್ತಾರೆ. ಆಗಾಗ ಚಿತ್ರವನ್ನೇ ಒಳಗಿಟ್ಟು ಬೇರೆಯದನ್ನು ತೂಗುಹಾಕುತ್ತಾರೆ. ಈ ಎರಡನೆಯ ಸಂಗತಿಯನ್ನು ನಮ್ಮ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಅವಳು ನಮ್ಮ ಕಡೆ ಮುಖ ಮಾಡಿ, ಹಿಂದಕ್ಕೆ ಕೈ ಚಾಚಿ ಬಟ್ಟೆ ಸರಿಸಿದಳು. "ಈ ಮಹನೀಯರ ಗಂಭೀರ ಮುಖ ನೋಡಿ."

ನೋಡಿದೆವು. ಮರದಡಿ ಒಬ್ಬ ಹೆಂಗಸು ಕೂತಿದ್ದಳು, ಹಿಂದೆ ಬೆಟ್ಟ. ಅವಳ ಟೋಪಿಯ ದಾರವನ್ನು ನಾಯಿಯೊಂದು ಕಚ್ಚಿ ಎಳೆಯುತ್ತಿತ್ತು.

"ವಿಶಾಲವಾದ ಭುಜಗಳು, ಜಗತ್ತನ್ನೇ ಮರೆತ ಕಣ್ಣುಗಳು..."

"ಹೌದ್ಹೌದು, ಭುಜ ಚೆನ್ನಾಗಿದೆ," ಎಂದರು ಮುಂದೆ ನಿಂತಿದ್ದ ಅಪರಿಚಿತ ಯಜಮಾನರು. ಹುಡುಗಿ ನೊಂದುಕೊಂಡಾಳೆಂದು ಉಳಿದವರೂ ತಲೆಯಾಡಿಸಿದರು. ಮೇಲ್ವಿಚಾರಕಿ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದರು.

ನಮ್ಮವರಿಗೆ ತಡೆಯಲಾಗಲಿಲ್ಲ. "ಮಗೂ, ಮಹನೀಯರ ನಾಯಿ ಬಗ್ಗೆ ಏನೂ ಹೇಳ್ಲಿಲ್ಲ ನೀನು."

"ನಾಯಿ ಇಲ್ಲ ದೊಡ್ಡಪ್ಪ."

"ಇದೆಯಲ್ಲಮ್ಮ. ಒಂದ್ಸಲ ತಿರುಗಿ ನೋಡು."

ತಿರುಗಿದಳು. ಹಿಂದಿನಿಂದಲೇ ಅವಳ ಕಿವಿ ಕೆಂಪಾದದ್ದು ಕಂಡಿತು. ಮೇಲ್ವಿಚಾರಕಿ ಇನ್ನೂ ಒರೆಸುತ್ತಲೇ ಇದ್ದರು. ಅಷ್ಟು ಹೊತ್ತು ಒರೆಸುವಷ್ಟು ಕೊಳೆ ಯಾವ ಕನ್ನಡಕದಲ್ಲೂ ಇರುವುದಿಲ್ಲ.

"ಇವರು ಯಾರೋ ನಂಗೊತ್ತಿಲ್ಲ," ಎಂದಳು ಹುಡುಗಿ. "ಇವತ್ತೇ ಮೊದಲು ನೋಡ್ತಿರೋದು." ಚಿತ್ರದ ಹತ್ತಿರ ಹೋಗಿ ನೋಡಿದಳು. "ಆದ್ರೆ ಇವರು ಮರಾನೂ ನೋಡ್ತಿಲ್ಲ, ಬೆಟ್ಟಾನೂ ನೋಡ್ತಿಲ್ಲ. ಚಿತ್ರ ಬರೀತಿರೋನನ್ನೇ ನೋಡ್ತಿದಾರೆ. ತುಟಿ ನೋಡಿ, ನಗು ತಡ್ಕೊಂಡಿದಾರೆ. ಅಲ್ಲಾಡಬೇಡಿ ಅಂತ ಅವನು, ಏಳು ಅಂತ ನಾಯಿ."

"ಪಾಪ, ಒದ್ದೆ ಹುಲ್ಲಲ್ಲಿ ಕೂರಿಸಿದಾನೆ," ಎಂದೆ.

"ಇಲ್ಲ ದೊಡ್ಡಮ್ಮ, ಕೆಳಗೆ ಏನೋ ಹಾಸಿದೆ. ಗುಂಡಿ ಕಾಣ್ತಿದೆ. ಗಂಡಸಿನ ಕೋಟು. ಬರೀತಿರೋನೇ ಬಿಚ್ಚಿಕೊಟ್ಟಿರಬೇಕು."

"ಅದಕ್ಕೇ ಮರದ ಗೆರೆ ಎಲ್ಲಾ ನಡುಗಿರೋದು," ಎಂದರು ಯಜಮಾನರು. "ಚಳಿ."

"ಮೊದಲು ಮುಖ ಬರೆದು ಮುಗಿಸಿದಾನೆ, ಜಾಣ," ಎಂದರು ನಮ್ಮವರು.

ಮೇಲ್ವಿಚಾರಕಿ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರ ಬಗ್ಗಿದರು. "ಈ ಕೋಟನ್ನ ನಾನು ಬಂಡೆ ಅಂದ್ಕೊಂಡಿದ್ದೆ," ಎಂದು ನಕ್ಕರು. ಆಮೇಲೆ ಹುಡುಗಿಗೆ, "ನಾಳೆ ಬರೋರಿಗೂ ನೀನೇ ಹೇಳಮ್ಮ."

"ನಾಳೆಗೆ ಮಾತ್ರಾನಾ ಮೇಡಂ?"

"ನಾಡಿದ್ದಿಗೆ ನಾನು ಬೇರೆ ಯಾರನ್ನ ಹುಡುಕ್ಲಿ?"

ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು, ಅಂಗೈ ತಣ್ಣಗಿತ್ತು. ಬರೆದವನಿಗೆ ಆಮೇಲೆ ನೆಗಡಿ ಬಂತೇ ಇಲ್ಲವೇ ಎಂದು ಯಜಮಾನರೂ ನಮ್ಮವರೂ ಇನ್ನೂ ವಾದಿಸುತ್ತಲೇ ಇದ್ದರು.