ಯಾರಿಗೂ ತಾಗದ ಜೋಕು

“ಲೀನಾ ಮೇಡಂ ಮದುಮಗಳ ಸ್ವಂತ ಆಂಟಿ ಅಂತೆ ಮಾರಾಯ್ತಿ! ನನ್ನ ಪ್ರೋಗ್ರಾಮ್ ತಪ್ಪಿಸಿದ್ದೇ ಅವರು!”

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಕ್ಯಾರಲ್ ಹೀಗೆ ಬೊಬ್ಬೆ ಹೊಡೆದದ್ದಕ್ಕೆ ಕಬ್ಬಿನಹಾಲಿನವನೂ ತಿರುಗಿ ನೋಡಿದ. ಮೋಕ್ಷಾ ಮೊದಲು ಗೆಳತಿಯ ಕೈಯಿಂದ ಚರುಮುರಿ ಪೊಟ್ಟಣ ತೆಗೆದುಕೊಂಡಳು, ಅದು ಚೆಲ್ಲುವುದರಲ್ಲಿತ್ತು.

“ಯಾವ ಲೀನಾ ಮೇಡಂ? ನಮ್ಮ ಕಾಲೇಜಿನ ಅಕೌಂಟ್ಸಾ?”

“ಮತ್ತೆ ಎಷ್ಟು ಲೀನಾ ಉಂಟು ನಮಗೆ? ಈಗ ಮದುಮಗಳ ಅಣ್ಣ ರಾಯ್‌ಸ್ಟನ್ ಫೋನ್ ಮಾಡಿದ್ದ. ‘ಆಂಟಿ ಬೇಡ ಅಂತಿದ್ದಾರೆ, ಅವರು ಒಪ್ಪಿದರೆ ಮಾತ್ರ’ ಅಂತೆ.”

ಬೆಳ್ಮಣ್ಣಿನ ಕ್ಯಾರಲ್‌ಗೆ ಆಗಬೇಕಾದದ್ದು ಎಂ.ಸಿ. ಮದುವೆಮನೆಗಳಲ್ಲಿ ಮೈಕ್ ಹಿಡಿದು ಇಡೀ ಸಭೆಯನ್ನು ನಗಿಸುವ, ಕುಣಿಸುವ ಎಂ.ಸಿ. ದೊಡ್ಡ ಎಂ.ಸಿ. ಒಬ್ಬರ ಹಿಂದೆ ಅಸಿಸ್ಟೆಂಟಾಗಿ ತಿರುಗಿ ತಿರುಗಿ, ಕೊನೆಗೂ ಕಾಪುವಿನಲ್ಲಿ ಅವಳದ್ದೇ ಆದ ಒಂದು ರೋಸ್ ಸಿಕ್ಕಿತ್ತು. ಕ್ರಿಶ್ಚಿಯನ್ ಮದುವೆಯ ಮುನ್ನಾದಿನ ಬಂಧುಗಳನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು ಮದುಮಗಳಿಗೋ ಮದುಮಗನಿಗೋ ತೆಂಗಿನಹಾಲು ಹಚ್ಚಿಸುವ ಕಾರ್ಯಕ್ರಮ ಅದು. ಲೀನಾ ಮೇಡಂ ಕ್ಲಾಸಿನಲ್ಲೇ ಹೇಳಿದ್ದರು: “ಬೇರೆಯವರ ಮದುವೆಯಲ್ಲಿ ಬೊಬ್ಬೆ ಹೊಡೆಯುವುದು ಒಂದು ಕೆಲಸವಾ? ಬ್ಯಾಂಕ್ ಕೋಚಿಂಗಿಗೆ ಸೇರು.” ಬೆಂಚುಗಳೆಲ್ಲ ನಕ್ಕಿದ್ದವು. ಅದನ್ನು ಹೇಗೋ ನುಂಗಿಕೊಂಡಿದ್ದಳು. ಇದನ್ನು ನುಂಗುವುದು ಹೇಗೆ?

“ನನ್ನ ಹತ್ತಿರ ಕೂಗಿ ಎಂತ ಪ್ರಯೋಜನ? ಅವರಿಗೇ ಫೋನ್ ಮಾಡು,” ಎಂದಳು ಮೋಕ್ಷಾ, ಬಾಯಿ ತುಂಬ ಚರುಮುರಿ.

ಕ್ಯಾರಲ್ ಮಾಡಿಯೇಬಿಟ್ಟಳು.

“ಮ್ಯಾಮ್, ಕ್ಲಾಸಲ್ಲಿ ಹೇಳಿದ್ದು ಸಾಕಾಗಲಿಲ್ವಾ ನಿಮಗೆ? ಸಿಕ್ಕಿದ್ದನ್ನೂ ಕಿತ್ಕೊಳ್ಬೇಕಾ?”

“ಮೆಲ್ಲ ಮಾತಾಡು.” ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. “ನನ್ನ ತಮ್ಮನ ರೋಸಿನಲ್ಲಿ ಎಂ.ಸಿ. ನನ್ನನ್ನು ಮೇಲೆ ಕರೆದ. ‘ಇವರಿಗೆ ಇನ್ನೂ ಗಂಡು ಸಿಕ್ಕಿಲ್ಲ, ಯಾರಾದರೂ ಇದ್ದರೆ ಕೈ ಎತ್ತಿ’ ಅಂದ. ಸಭೆಗೆ ಸಭೆಯೇ ನಕ್ಕಿತು. ಒಬ್ಬರು ಅಜ್ಜ ಕೈಯನ್ನೂ ಎತ್ತಿದರು. ನಾನು ತಮ್ಮನಿಗೆ ತೆಂಗಿನಹಾಲು ಹಚ್ಚದೆಯೇ ಇಳಿದು ಬಂದೆ. ನಿನ್ನ ಕೆಲಸ ಇದೇ ಅಲ್ವಾ?”

ಅಜ್ಜನ ಕೈ ಕಣ್ಣಿಗೆ ಕಟ್ಟಿ ಕ್ಯಾರಲ್‌ಗೆ ನಗು ಉಕ್ಕಿತು. ತುಟಿ ಕಚ್ಚಿ ಹಿಡಿದಳು. “ನಾನು ಹಾಗೆಲ್ಲ ಮಾಡುವುದಿಲ್ಲ ಮ್ಯಾಮ್.”

“ಹೌದಾ? ಜೋಕು ಬರೆದಿಟ್ಟದ್ದು ಫೋನಿನಲ್ಲಿ ಇರಬೇಕಲ್ಲ, ಓದು.”

ತೆರೆದಳು. ಮೊದಲನೆಯದು ದೊಡ್ಡಪ್ಪನ ಬೊಕ್ಕತಲೆ. ಎರಡನೆಯದು ಗಾಡ್‌ಮದರ್‌ನ ತೂಕ. ಮೂರನೆಯದನ್ನು ನೋಡಲೇ ಇಲ್ಲ.

“ಓದು.”

“ನೆಟ್‌ವರ್ಕ್ ಇಲ್ಲ ಮ್ಯಾಮ್.”

“ನನಗೆ ಸರಿಯಾಗಿಯೇ ಕೇಳ್ತಾ ಉಂಟು.”

ಮೋಕ್ಷಾಳಿಗೆ ಚರುಮುರಿ ನೆತ್ತಿಗೇರಿತು. ಕ್ಯಾರಲ್‌ಗೆ ಮಾತ್ರ ಮೈಯೆಲ್ಲ ಉರಿಯಿತು. “ನಿಮ್ಮ ಮನೆಯವರೇ ಕೇಳಿದ್ದು ಮ್ಯಾಮ್! ‘ಅಂಕಲ್‌ನ ತಲೆಯನ್ನು ಬಿಡಬೇಡ’ ಅಂತ ರಾಯ್‌ಸ್ಟನ್ನೇ ಹೇಳಿದ. ನಗಿಸದಿದ್ದರೆ ಬೋರು ಅಂತಾರೆ, ನಗಿಸಿದರೆ ನೀವು ಬೇಡ ಅಂತೀರಿ. ಎಂತ ಮಾಡಬೇಕು ನಾನು?”

“ಅದಕ್ಕೇ ಹೇಳಿದ್ದು, ಕೋಚಿಂಗಿಗೆ ಸೇರು.”

“ಸೇರುವುದಿಲ್ಲ! ಒಬ್ಬರಿಗೂ ತಾಗದ ಹಾಗೆ ಇಡೀ ರೋಸ್ ನಡೆಸ್ತೇನೆ. ಕೇಳಿ ನೋಡಿ. ಆಮೇಲೆ ಬೇಡ ಅನ್ನಿ.”

ಕರೆ ಕಡಿದೇ ಹೋಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

“ನಾಳೆ ನಾಲ್ಕು ಗಂಟೆಗೆ ಕಾಪುವಿಗೆ, ಅಣ್ಣನ ಮನೆಗೆ ಬಾ,” ಎಂದರು ಮೇಡಂ. “ಮನೆಯವರೆಲ್ಲ ಇರ್ತಾರೆ. ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೇ ಕರಿ. ಮೊದಲು ನನ್ನನ್ನು.”

ಬೆಳ್ಮಣ್ ಬಸ್ಸಿನಲ್ಲಿ ಕ್ಯಾರಲ್ ಜೋಕುಗಳನ್ನು ಅಳಿಸುತ್ತಾ ಕುಳಿತಳು. ಬೊಕ್ಕತಲೆ ಹೋಯಿತು, ತೂಕ ಹೋಯಿತು, ಸೋದರಮಾವನ ಗೊರಕೆಯೂ ಹೋಯಿತು. ಕೊನೆಗೆ ಉಳಿದದ್ದು ‘ಎಲ್ಲರಿಗೂ ನಮಸ್ಕಾರ’ ಒಂದೇ.

“ಮೇಡಂ ಅನ್ನು ಎಂತ ಹೇಳಿ ಕರೀತಿ?” ಪಕ್ಕದಲ್ಲಿ ಕುಳಿತ ಮೋಕ್ಷಾ ಕೇಳಿದಳು.

“ನನ್ನ ತಲೆ! ಗೊತ್ತಿದ್ದರೆ ಹೀಗೆ ಕೂರ್ತಿದ್ನಾ?”

ಅಷ್ಟರಲ್ಲಿ ಫೋನಿಗೆ ಮೇಡಂನ ಮೆಸೇಜು ಬಂತು: ‘ನಾಳೆ ನಾಲ್ಕು. ಕ್ಲಾಸಿಗೆ ಬಂದ ಹಾಗೆ ಲೇಟಾಗಿ ಬರಬೇಡ.’

ಹಲ್ಲು ಕಚ್ಚಿಕೊಂಡು ಕ್ಯಾರಲ್ ಒತ್ತಿದಳು: ‘ಬರ್ತೇನೆ ಮ್ಯಾಮ್.’